ಸನೂಸಿಯ ಅಂಗಾಲು

ಬೇಸಿಗೆ ಬಂತೆಂದರೆ ಮರಳುಗಾಡಿನ ಊರಾದ ಸೀವಾದ ಗುಡ್ಡದ ಬುಡಕ್ಕೆ ಕೀಲುನೋವಿನವರ ದಂಡೇ ಬರುತ್ತದೆ. ಬೆಳಿಗ್ಗೆ ತೋಡಿಟ್ಟ ಗುಂಡಿ ಮಧ್ಯಾಹ್ನಕ್ಕೆ ಕಾದಿರುತ್ತದೆ. ಅದರಲ್ಲಿ ಅವರನ್ನು ಮಲಗಿಸಿ ಕುತ್ತಿಗೆತನಕ ಬಿಸಿಮರಳು ಮುಚ್ಚುವುದು ಸನೂಸಿಯ ಮನೆತನದ ಕಸುಬು. ಕಾವು ನೋಡಲು ಅವರಿಗಿದ್ದದ್ದು ಒಂದೇ ದಾರಿ. ಮನೆಯ ಹಿರಿಯ ಬರಿಗಾಲಲ್ಲಿ ಗುಂಡಿಗಿಳಿದು ಇಪ್ಪತ್ತು ಎಣಿಸಬೇಕು. ಹತ್ತಕ್ಕೇ ಕಾಲೆತ್ತುವಂತಾದರೆ ಮರಳು ಆರಬೇಕು. ಇಪ್ಪತ್ತಾದರೂ ಏನೂ ಅನಿಸದಿದ್ದರೆ ಇನ್ನಷ್ಟು ಬಿಸಿಲು ಹಿಡಿಯಬೇಕು. ಅಪ್ಪ ಹೋದಮೇಲೆ ಇಪ್ಪತ್ತೆರಡು ವರ್ಷ ಇಳಿದದ್ದು ಸನೂಸಿಯ ಕಾಲು. ಅದು ಹೇಳಿದ್ದಕ್ಕೆ ಎದುರಾಡಿದವರಿಲ್ಲ.

ಆ ಕಾಲು ಕೆಟ್ಟು ಎರಡು ವರ್ಷವಾಗಿತ್ತು. ಮೊದಮೊದಲು ಬೆರಳ ತುದಿಯಲ್ಲಿ ಇರುವೆ ಹರಿದಂತೆ. ಆಮೇಲೆ ಸಂಜೆಯಾದರೆ ಸಾಕು, ಮೆಣಸಿನಕಾಯಿ ಅರೆದು ಬಳಿದಂಥ ಉರಿ. ಹೊದಿಕೆ ತಾಗಿದರೂ ಜೀವ ಬಾಯಿಗೆ ಬರುತ್ತಿತ್ತು.

"ಆಸ್ಪತ್ರೆಗೆ ಹೋಗಿ ತೋರಿಸ್ಕೊಳ್ಳಿ ಅಂದ್ರೆ," ಎಂದು ಹೆಂಡತಿ ನಜಿಯಾ ಬಾಯಿ ತೆಗೆದರೆ ಸನೂಸಿ ಉರಿದುಬೀಳುತ್ತಿದ್ದ.

"ಊರವರ ಕಾಲು ವಾಸಿ ಮಾಡೋನು ನನ್ನ ಕಾಲು ಹಿಡ್ಕೊಂಡು ಸಾಲಲ್ಲಿ ನಿಲ್ಲಬೇಕಾ? ಜನ ಮುಖಕ್ಕೆ ಉಗೀತಾರೆ!"

ಯಾರೂ ಇಲ್ಲದಾಗ ತಾನೇ ಕಾಲನ್ನು ಬಿಸಿಮರಳಲ್ಲಿ ಹೂತುಕೊಂಡು ಕೂರುತ್ತಿದ್ದ. ಈಚೆಗೆ ಉರಿ ತಗ್ಗಿತ್ತು. ವಾಸಿಯಾಯಿತೆಂದುಕೊಂಡ, ಮೂರ್ಖ.

ದೂರದ ತಾಂತಾ ಪಟ್ಟಣದಿಂದ ಬಂದಿದ್ದ ನಿವೃತ್ತ ಮೇಷ್ಟ್ರು ಹಿಲ್ಮಿಗೆ ಅಂದು ಮೂರನೆಯ ದಿನದ ಮರಳು. ಸನೂಸಿ ಗುಂಡಿಗಿಳಿದು ಇಪ್ಪತ್ತು ಎಣಿಸಿದ. ಏನೂ ಅನಿಸಲಿಲ್ಲ.

"ಇನ್ನೂ ಬಿಸಿಲು ಹಿಡೀಲಿ."

ತಮ್ಮ ಬಿಲಾಲ್ ಮರಳು ಮುಟ್ಟಿ ಕೈ ಕೊಡವಿಕೊಂಡ. "ಅಣ್ಣಾ, ಚುರ್ ಅಂತಿದೆಯಲ್ಲೋ!"

"ನಿಂದು ಬೆಣ್ಣೆ ಕೈ. ಮುಚ್ಕೊಂಡಿರು."

ಅರ್ಧ ಗಂಟೆ ಬಿಟ್ಟು ಮತ್ತೆ ಇಳಿದ. ಈಗ ತುಸು ಬೆಚ್ಚಗೆನಿಸಿತು. "ಮಲಗಿ ಮೇಷ್ಟ್ರೇ," ಎಂದ.

ಮೇಷ್ಟ್ರ ಚೀರಾಟಕ್ಕೆ ಪಕ್ಕದ ಡೇರೆಯವರೆಲ್ಲ ಓಡಿಬಂದರು. ಎಳೆದು ಹೊರಹಾಕುವಷ್ಟರಲ್ಲಿ ಬೆನ್ನು ತುಂಬ ಬೊಬ್ಬೆ. ಬೈಯಲು ತಿರುಗಿದ ಬಿಲಾಲ್‌ನ ಕಣ್ಣು ಅಣ್ಣನ ಕಾಲಿನ ಮೇಲೆ ಬಿತ್ತು. ಸನೂಸಿಯ ಅಂಗಾಲಿನ ಚರ್ಮ ಸುಲಿದು ಜೋತಾಡುತ್ತಿತ್ತು. ಅವನಿಗದು ತಿಳಿದೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಬಾಬ್ ತೆಳ್ಳನೆಯ ಒಂದು ನೈಲಾನ್ ಎಳೆ ಹಿಡಿದು ಅವನೆದುರು ಕೂತಳು. "ಕಣ್ಣು ಮುಚ್ಕೊಳ್ಳಿ ಮಾಮ. ಕಾಲಿಗೆ ಮುಟ್ಟಿದಾಗೆಲ್ಲ ಹೇಳಿ."

ಸನೂಸಿ ಕಾದ. ಕಾದು ಕಾದು ಬೇಸತ್ತು, "ಶುರು ಮಾಡಮ್ಮಾ," ಎಂದ.

"ಆಗ್ಲೇ ಎಂಟು ಸಲ ಮುಟ್ಟಿದೆ ಮಾಮ."

ಸನೂಸಿಯ ಕಿವಿ ಬಿಸಿಯಾಯಿತು. ರಕ್ತ ನೋಡಿದರೆ ಸಕ್ಕರೆ ಮಿತಿಮೀರಿತ್ತು.

"ಸಕ್ಕರೆ ನಿಮ್ಮ ಕಾಲಿನ ನರ ತಿಂದಿದೆ. ಮೊದಲು ಉರಿಯುತ್ತೆ, ಆಮೇಲೆ ಬೆಂಕಿ ತುಳಿದ್ರೂ ಗೊತ್ತಾಗಲ್ಲ. ಉರಿ ತಗ್ಗೋಕೆ ಮಾತ್ರೆ ಕೊಡ್ತೀನಿ. ಹೋದ ಸ್ಪರ್ಶ ವಾಪಸ್ ತರೋ ಮಾತ್ರೆ ನನ್ನ ಹತ್ರ ಇಲ್ಲ. ಖರ್ಜೂರ, ಆ ಪಾಕದಂಥ ಚಹಾ ಕಡಿಮೆ ಮಾಡಿ. ಸಕ್ಕರೆ ಹಿಡಿತಕ್ಕೆ ಬಂದ್ರೆ ಉಳಿದಿರೋ ನರನಾದ್ರೂ ಉಳೀಬಹುದು. ದಿನಾ ಅಂಗಾಲು ನೋಡ್ಕೊಳ್ಳಿ. ಬರಿಗಾಲು ಬೇಡ, ಬಿಸಿಮರಳಂತೂ ಬೇಡವೇ ಬೇಡ. ಎರಡು ವರ್ಷದ ಹಿಂದೆ ಬಂದಿದ್ರೆ..."

ಪರದೆಯ ಆಚೆ ಮೇಷ್ಟ್ರು ಬೋರಲು ಮಲಗಿ ಎಲ್ಲ ಕೇಳಿಸಿಕೊಂಡಿದ್ದರು. ಸನೂಸಿ ಕುಂಟುತ್ತ ಹೋಗಿ ನಿಂತ.

"ತಪ್ಪಾಯ್ತು ಮೇಷ್ಟ್ರೇ. ಕಾಲಿಗೆ ಗೊತ್ತಾಗಲಿಲ್ಲ."

"ಕಾಲಿಗೆ ಗೊತ್ತಾಗಲಿಲ್ಲ, ಸರಿ. ನಿನ್ನ ಬಾಯಿಗೇನಾಗಿತ್ತು? ಎರಡು ವರ್ಷ ಗೊತ್ತಿತ್ತಲ್ಲ!"

ಊರಿನಲ್ಲಿ ಯಾರ ಮಾತನ್ನೂ ಸಹಿಸದ ಸನೂಸಿ ತಲೆ ತಗ್ಗಿಸಿದ. ಮೇಷ್ಟ್ರು ಕ್ಷಮಿಸಿದೆ ಎನ್ನಲಿಲ್ಲ, ಇವನು ಕೇಳಲೂ ಇಲ್ಲ.

ಮರುದಿನ ಪಟ್ಟಿ ಕಟ್ಟಿದ ಕಾಲಿಗೆ ದೊಡ್ಡ ಚಪ್ಪಲಿ ಹಾಕಿಕೊಂಡು ಗುಡ್ಡದ ಬುಡಕ್ಕೆ ಹೋದ. ಡೇರೆಯಲ್ಲಿ ಐದಾರು ಮಂದಿ ಕೂತಿದ್ದರು. ಮೇಷ್ಟ್ರ ಬೆನ್ನು ಬೆಂದದ್ದು ತನ್ನ ಕಾಲಿನಿಂದ, ಅದಕ್ಕಿಂತ ಹೆಚ್ಚಾಗಿ ತಾನು ಮುಚ್ಚಿಟ್ಟದ್ದರಿಂದ ಎಂದು ಎಲ್ಲರೆದುರು ಹೇಳಿದ. ಇನ್ನು ಮೇಲೆ ಕಾವು ನೋಡುವವನು ಬಿಲಾಲ್ ಎಂದ. ಇಬ್ಬರು ಗಂಟು ಎತ್ತಿಕೊಂಡು ಎದ್ದೇಹೋದರು.

ಮೂಲೆಯಲ್ಲಿದ್ದ ಒಬ್ಬ ದಪ್ಪ ವ್ಯಾಪಾರಿ ಮೆಲ್ಲಗೆ ಕೇಳಿದ: "ನನಗೂ ಬೆರಳಲ್ಲಿ ಇರುವೆ ಹರಿಯುತ್ತೆ ಕಣಯ್ಯ. ಮೊಣಕಾಲಿಗೆ ಅಂತ ಬಂದೆ. ಮಲಗಲಾ, ಬೇಡವಾ?"

"ಬೇಡ," ಎಂದ ಸನೂಸಿ. "ಎದ್ದೇಳಿ. ಡಾಕ್ಟರಮ್ಮನ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."