ಸತ್ತ ಸೆಲ್ಲಿಗೂ ಕೆಲಸ ಹಚ್ಚುವ ಹೊನ್ನೂರಮ್ಮ

ಕೈಬ್ಯಾಟರಿಗೆ ಹಾಕುವ ಎರಡು ದೊಡ್ಡ ಸೆಲ್ಲಿಗೆ ಮಸ್ಕಿಯಲ್ಲಿ ಈಗ, ತೊಂಬತ್ತರ ದಶಕದ ಆರಂಭದಲ್ಲಿ, ಹತ್ತು ರೂಪಾಯಿ. ಕಳೆ ತೆಗೆಯಲು ಹೋಗುವ ಹೆಣ್ಣಾಳಿನ ದಿನಗೂಲಿ ಹದಿನೈದು. ಗದ್ದೆಗೆ ನೀರು ಕಟ್ಟಲು ಹೋಗುವ ಗಂಡನ ಕೈಯ ಬೆಳಕಿಗೆ ಹೆಂಡತಿಯ ಒಂದು ದಿನದ ದುಡಿಮೆಯಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಬೆಳಕು ಮಂಕಾದ ದಿನ ಅದೇ ಸೆಲ್ಲನ್ನು ತಿಪ್ಪೆಗೆ ಎಸೆಯುವುದು ಎಲ್ಲ ಮನೆಗಳಲ್ಲೂ ವಾಡಿಕೆ. ಹಾಗೆ ಎಸೆಯುವ ಕೈ ಹಿಡಿದು ನಿಲ್ಲಿಸುವ ಹೆಂಗಸೊಬ್ಬರು ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಸಂತೆಗಳಲ್ಲಿ ಗೋಣಿಚೀಲ ಹಾಸಿ ಕೂರುತ್ತಾರೆ. ಹೆಸರು ಹೊನ್ನೂರಮ್ಮ. ರೇಡಿಯೋ, ಕೈಬ್ಯಾಟರಿ, ಪಂಪಿನ ಸ್ಟೋವು ರಿಪೇರಿ ಅವರ ಕಸುಬು.

ಮಸ್ಕಿಗೆ ಸಮೀಪದ, ಕಾಲುವೆ ದಂಡೆಯ ಊರಿನಲ್ಲಿ ಅವರ ಮನೆ. ಕೋಳಿ ಕೂಗಿ ಸ್ವಲ್ಪ ಹೊತ್ತಾಗಿದೆ. ಮೊದಲ ಬಸ್ಸು ಬರುವುದರೊಳಗೆ ಒಂದು ಕೆಲಸ ಆಗಬೇಕು. ಹೊನ್ನೂರಮ್ಮ ಯಾರದೋ ರೇಡಿಯೋವನ್ನು ಗಂಡ ವೆಂಕೋಬರ ಕಿವಿಯ ಹತ್ತಿರ ಹಿಡಿದಿದ್ದಾರೆ. ವೆಂಕೋಬರ ಕಣ್ಣು ಮಂಜಾಗಿ ವರ್ಷಗಳೇ ಆದವು. ಕೂದಲೆಳೆಯಂಥ ತಂತಿ ಅವರಿಗೆ ಕಾಣುವುದಿಲ್ಲ. ಕಿವಿ ಮಾತ್ರ ಚುರುಕು.

"ಗರಗರ ಅನ್ನಾಕತ್ತೈತಿ. ಸೌಂಡು ತಿರುವಿದಾಗ ಜಾಸ್ತಿ ಆಗತೈತೇನು?" ವೆಂಕೋಬ ಕೇಳುತ್ತಾರೆ.

"ಹ್ಞೂ, ತಿರುವಿದಾಗಷ್ಟ."

"ಹಂಗಾರ ಸ್ಪೀಕರ್ ಚೊಲೋ ಐತಿ. ತಿರುವೋ ಗುಂಡಿ ಒಳಗ ಧೂಳು ಕುಂತೈತಿ. ಬಂದ್ ಮಾಡಿ ಅತ್ತಿತ್ತ ಚೆಂದಾಗಿ ತಿರುವು."

ಹೊನ್ನೂರಮ್ಮ ರೇಡಿಯೋ ಬಂದ್ ಮಾಡಿ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಮತ್ತೆ ಮತ್ತೆ ತಿರುವುತ್ತಾರೆ. ಮತ್ತೆ ಹಚ್ಚಿದರೆ ಗರಗರ ಇಲ್ಲ. ಕಲಬುರ್ಗಿ ಆಕಾಶವಾಣಿಯ ಭಜನೆ ಶುದ್ಧವಾಗಿ ಕೇಳುತ್ತದೆ. "ಇದಕ್ಕ ದುಡ್ಡು ತಗಳ್ಳೋದು ಹೆಂಗ?" ಎನ್ನುತ್ತ ಅವರು ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತುತ್ತಾರೆ. ವೆಂಕೋಬ ನಗುತ್ತಾರೆ. "ಕಿವಿ ನಂದು. ಕಿವಿಗೆ ಕೂಲಿ ಹಚ್ಚು." ಹೊನ್ನೂರಮ್ಮನ ಉತ್ತರ ಸಿದ್ಧವೇ ಇದೆ: "ಕೇಳೋದು ನಿಮ್ಮದು, ಕೈ ಸುಟ್ಟುಗಳ್ಳೋದು ನಂದು. ಸುಮ್ನ ರೊಟ್ಟಿ ತಿನ್ರಿ."

ಎಂಬತ್ತರ ದಶಕದ ಆರಂಭದಲ್ಲಿ ವೆಂಕೋಬ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮಸ್ಕಿಯಿಂದ ಮುದಗಲ್ಲಿನವರೆಗೆ ಮದುವೆ ಎಲ್ಲಿದ್ದರೂ ಗಂಡ ಹೆಂಡತಿ ಇಬ್ಬರೂ ಹೋಗುವುದು. ಹಾರ್ನು ಹೊರುವುದು, ತಂತಿ ಎಳೆಯುವುದು, ಬೆಸುಗೆ ಹಾಕುವಾಗ ಬೆಳಕು ಹಿಡಿಯುವುದು ಹೊನ್ನೂರಮ್ಮನ ಪಾಲಿನ ಕೆಲಸ. ಬೆಳಕು ಹಿಡಿದವಳು ಕಣ್ಣು ಮುಚ್ಚಿಕೊಂಡಿರುವುದಿಲ್ಲವಲ್ಲ, ನೋಡಿ ನೋಡಿ ಕೆಲಸ ಕೈಗೆ ಬಂತು. ಗಂಡನ ಕಣ್ಣು ಮಂಜಾದ ಮೇಲೆ ಆಂಪ್ಲಿಫೈಯರ್ ಮಾರಿದರು. ಉಳಿದ ಒಂದು ಹಾರ್ನು ಇಂದಿಗೂ ಅಂಗಳದಲ್ಲಿದೆ. ಅದನ್ನು ಬೋರಲು ಹಾಕಿ ಕೋಳಿಮರಿ ಮುಚ್ಚುತ್ತಾರೆ. "ಮ್ಯಾಲ ತೂತೈತಿ, ಮರಿಗೆ ಗಾಳಿ ಆಡತೈತಿ" ಎಂದು ಅದರ ಅನುಕೂಲವನ್ನೂ ಹೇಳುತ್ತಾರೆ.

ಮಸ್ಕಿ ಸಂತೆಯಲ್ಲಿ ಬಿಸಿಲೇರುವ ಹೊತ್ತಿಗೆ ಅವರ ಗೋಣಿಚೀಲದ ಸುತ್ತ ಜನ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಪಕ್ಕದಲ್ಲಿ ಒಂದು ಸಣ್ಣ ಇದ್ದಿಲು ಒಲೆ. ಬೆಸುಗೆ ಕಡ್ಡಿ ಕಾಯುವುದು ಅದರಲ್ಲೇ, ಏಕೆಂದರೆ ಬಯಲಿನಲ್ಲಿ ಕರೆಂಟಿಲ್ಲ. ಕಡ್ಡಿ ಹೆಚ್ಚು ಕಾದರೆ ಸೀಸ ಉಂಡೆಯಾಗಿ ಉರುಳುತ್ತದೆ, ಕಡಿಮೆ ಕಾದರೆ ಕರಗುವುದೇ ಇಲ್ಲ. ಅದನ್ನು ಕೆನ್ನೆಯ ಹತ್ತಿರ ತಂದು ಕಾವು ನೋಡುವುದು ಅವರ ರೂಢಿ. ಬೆಸುಗೆ ಹಾಕಿದರೆ ಎರಡು ರೂಪಾಯಿ, ಸಾಮಾನು ಹಾಕಿದರೆ ಸಾಮಾನಿನ ದುಡ್ಡು. ಬಾಯಿಮಾತಿನಲ್ಲಿ ಹೋಗುವ ರೋಗಕ್ಕೆ ಏನೂ ಇಲ್ಲ. ಸಂತೆಗೆ ಬರುವ ಹತ್ತು ಜನರಲ್ಲಿ ಆರೇಳು ಮಂದಿಯದು ಬಾಯಿಮಾತಿನ ರೋಗವೇ.

ಪಂಪು ಹೊಡೆದರೂ ಗಾಳಿ ಹಿಡಿಯದ ಸ್ಟೋವು ತಂದವರಿಗೆ ಅವರು ಹೊಸ ವಾಶರು ಮಾರುವುದಿಲ್ಲ. ಒಣಗಿ ಮುದುಡಿದ ಚರ್ಮದ ವಾಶರನ್ನು ತೆಗೆದು, ಒಂದು ಹನಿ ಎಣ್ಣೆ ಸವರಿ, ಬೆರಳಿನಿಂದ ಹೂವಿನ ಹಾಗೆ ಅರಳಿಸಿ ಮತ್ತೆ ಕೂರಿಸುತ್ತಾರೆ. ಬ್ಯಾಟರಿ ಮಿಣುಕಿದರೆ ಬೆಂಕಿಪೊಟ್ಟಣದ ಮಗ್ಗುಲಿನಿಂದ ಸ್ಪ್ರಿಂಗಿನ ತುಕ್ಕು ತಿಕ್ಕಲು ಹೇಳುತ್ತಾರೆ. ರೇಡಿಯೋ ಸರಿಯಾಗಿ ಹಿಡಿಯುತ್ತಿಲ್ಲವೆಂದರೆ, "ಮುಳ್ಳು ತಿರುವಬ್ಯಾಡ, ರೇಡಿಯೋನ ತಿರುವು. ಗ್ವಾಡಿ ಕಡೆ ಮುಖ ಮಾಡಿ ನೋಡು." ದನಿ ಸಾಲದಿದ್ದರೆ ಖಾಲಿ ಗಡಿಗೆಯ ಬಾಯಿಗೆ ಸ್ಪೀಕರಿನ ಮುಖ ಹಚ್ಚಿದರೆ ಸಾಕು. ಹಾಡು ಬೇಸರವಾದ ಕ್ಯಾಸೆಟ್ಟಿನ ಬೆನ್ನ ಮೇಲೆ ಎರಡು ಗುಳಿ ಇವೆಯಲ್ಲ, ಅವುಗಳಿಗೆ ಕಾಗದ ತುರುಕಿದರೆ ಅದರ ಮೇಲೆಯೇ ನಿಮ್ಮ ಮನೆಯ ಸೋಬಾನೆ ತುಂಬಿಕೊಳ್ಳಬಹುದು.

ಎಲ್ಲಕ್ಕಿಂತ ಹೆಚ್ಚು ಜನ ಕೇಳುವುದು ಸೆಲ್ಲಿನ ಮಾತು. "ಬ್ಯಾಟ್ರಿಗೆ ಸತ್ತ ಸೆಲ್ಲು ರೇಡಿಯೋಕ್ಕ ಸತ್ತಿರಂಗಿಲ್ರಿ. ಬ್ಯಾಟ್ರಿ ಒಮ್ಮೆಲೆ ಗಬಗಬ ತಿನ್ನತೈತಿ. ರೇಡಿಯೋ ಜರಾ ಜರಾ ತಿನ್ನತೈತಿ. ರೇಡಿಯೋನೂ ಒಲ್ಲೆ ಅಂದ್ರ ಒಂದು ಬಿಸಲಿಗೆ ಹಾಕಿ ತಗೀರಿ, ಮತ್ತ ನಾಕು ದಿನ ಮಾತಾಡತೈತಿ." ಸಣ್ಣ ಸೆಲ್ಲಾದರೆ ಅದಕ್ಕೆ ಇನ್ನೂ ಒಂದು ಮನೆ ಇದೆ. ರೇಡಿಯೋದಿಂದ ತೆಗೆದದ್ದು ಗೋಡೆ ಗಡಿಯಾರದಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ.

ಅವರ ಕಸುಬಿಗೆ ಕುತ್ತು ಬಂದದ್ದು ಇದೇ ಸೆಲ್ಲಿನಿಂದ. ಹೋದ ಬೇಸಗೆಯ ಮಾತು.

ಈ ಕಡೆ ಬಿಸಿಲಿಗೆ ಹಾಕು ಎಂದರೆ ಮಾಳಿಗೆಯ ಮೇಲೆ ಹಾಕು ಎಂದೇ ಅರ್ಥ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಹಾಸಿರುತ್ತಾರೆ. ಅವು ಗರಿಗರಿಯಾದ ಮೇಲೆ ಕುಟ್ಟಿಸಿ, ಮಸಾಲೆ ಬೆರೆಸಿ, ವರ್ಷವಿಡೀ ಬರುವಷ್ಟು ಖಾರ ಮಾಡಿಡುತ್ತಾರೆ. ಪಕ್ಕದ ಊರಿನ ಗ್ಯಾನಮ್ಮ ಸಂತೆಯಲ್ಲಿ ಹೊನ್ನೂರಮ್ಮನ ಮಾತು ಕೇಳಿಕೊಂಡು ಹೋಗಿ, ಮನೆಯಲ್ಲಿದ್ದ ಹಳೆಯ ಸೆಲ್ಲುಗಳನ್ನೆಲ್ಲ ಕೂಡಿಸಿ ಅದೇ ಮೆಣಸಿನಕಾಯಿಯ ನಡುವೆ ಇಟ್ಟರು. ಇಟ್ಟವರು ಮರೆತರು. ಸಂಜೆ ಹಾಸಿನ ಸಮೇತ ಎಲ್ಲವನ್ನೂ ಮುದುರಿಟ್ಟು ಬೆಳಿಗ್ಗೆ ಮತ್ತೆ ಹಾಸಿದರು. ಕೆಲವು ದಿನಗಳಲ್ಲಿ ಸೆಲ್ಲಿನ ತಳ ಒಡೆದು ಕರಿಯ ಅಂಟು ಒಸರಿ ಕಾಯಿಗೆಲ್ಲ ಬಳಿಯಿತು.

ಮುಂದಿನ ಸಂತೆಯಲ್ಲಿ ಗ್ಯಾನಮ್ಮ ಬಂದು ಬುಟ್ಟಿಯನ್ನು ಹೊನ್ನೂರಮ್ಮನ ಗೋಣಿಚೀಲದ ಮೇಲೆಯೇ ಸುರಿದರು. ಕರಿ ಬಳಿದ ಮೆಣಸಿನಕಾಯಿ ಸ್ಟೋವು, ರೇಡಿಯೋಗಳ ಮೇಲೆಲ್ಲ ಹರಡಿತು.

"ತಿನ್ನು! ನೀನ ತಿನ್ನು! ಬಿಸಲಿಗೆ ಹಾಕು ಅಂದಾಕಿ ನೀನಲ್ಲೇನು? ವರ್ಷದ ಖಾರ ಹೋತು ನಂದು!"

"ಯಕ್ಕಾ, ಮೆಣಸಿನಕಾಯಾಗ ಇಡು ಅಂದಿದ್ದಿಲ್ಲ ನಾ..."

"ಮತ್ತೆಲ್ಲಿ ಇಡಬೇಕಿತ್ತ ಬೇ? ನನ್ನ ತಲಿ ಮ್ಯಾಲೇನು? ಅದನ್ನ ಹೇಳಿದ್ಯೇನು ನೀ?"

ಸುತ್ತ ಕೂತವರಲ್ಲಿ ಕೆಲವರು ನಕ್ಕರು. ಹೊನ್ನೂರಮ್ಮ ಬಗ್ಗಿ ಕಾಯಿ ಆರಿಸಿ ಬುಟ್ಟಿಗೆ ಹಾಕತೊಡಗಿದರು. ಎಲ್ಲಿ ಇಡಬೇಕೆಂದು ಅವರು ಹೇಳಿರಲಿಲ್ಲ, ಅದು ನಿಜ. ಅಂದು ಅಲ್ಲಿದ್ದ ಇಬ್ಬರು ತಮ್ಮ ರೇಡಿಯೋ ಎತ್ತಿಕೊಂಡು ಹೋದರು. ಮುಂದಿನ ವಾರ ಗೋಣಿಚೀಲದ ಸುತ್ತ ನೆರಳು ಬೀಳುವಷ್ಟೂ ಜನ ಇರಲಿಲ್ಲ. ರಿಪೇರಿಯವರಿಗೆ ಬೋರ್ಡಿಲ್ಲ, ರಸೀದಿಯಿಲ್ಲ. ಇವರ ಮಾತು ನಂಬಬಹುದು ಎಂಬ ಒಂದು ಹೆಸರಿದ್ದರೆ ಒಲೆ ಉರಿಯುತ್ತದೆ. ಆ ಹೆಸರೇ ಈಗ ಅಲ್ಲಾಡಿತ್ತು.

ಅದೇ ಹೊತ್ತಿಗೆ ಲಿಂಗಸುಗೂರಿನಿಂದ ಒಂದು ಕರೆ ಬಂತು. ಅಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟಿರುವ ಗೋಪಣ್ಣನವರ ಕಟ್ಟೆಯ ಮೇಲೆಯೇ ಹೊನ್ನೂರಮ್ಮ ಆ ಊರಿನ ಸಂತೆಯ ದಿನ ಕೂರುತ್ತಿದ್ದುದು. ಗೋಪಣ್ಣ ಕೆಟ್ಟ ಮನುಷ್ಯರಲ್ಲ. ಬೇಸಗೆಯಲ್ಲಿ ಕೇಳದೆಯೇ ತಣ್ಣೀರು ಕೊಟ್ಟವರು. ಅವರು ಕರೆದು ಹೇಳಿದ್ದಿಷ್ಟು:

"ನೋಡವ್ವಾ, ಪುಕ್ಕಟೆ ಹೇಳಿ ಹೆಸರು ಕೆಡಿಸಿಕೊಂಡಿ. ಒಳಗ ಬಂದು ಕೂಡು. ಫ್ಯಾನ್ ಅದ, ಕರೆಂಟಿನ ಬೆಸುಗೆ ಕಡ್ಡಿ ಅದ, ತಿಂಗಳಾ ತಿಂಗಳಾ ಪಗಾರ ಕೊಡ್ತೀನಿ. ಒಂದ ಮಾತು. ಆ ಸೆಲ್ಲಿನ ಪುರಾಣ, ವಾಶರಿನ ಪುರಾಣ ಬಂದ್ ಆಗಬೇಕು. ನಾ ಇಲ್ಲಿ ಸೆಲ್ಲು ಮಾರೋನು, ನೀ ನನ್ನ ಕಟ್ಟಿ ಮ್ಯಾಲ ಕುಂತು ತಗೋಬ್ಯಾಡ್ರಿ ಅಂತಿ. ಹೆಂಗ ನಡೀಬೇಕು?"

"ನೀವು ಹೇಳೋದೂ ಬರೋಬ್ಬರಿ ಐತಿ" ಎಂದು ಹೊನ್ನೂರಮ್ಮ ಎದ್ದು ಬಂದರು. ಕರೆಂಟಿನ ಕಡ್ಡಿಯ ಆಸೆ ಅವರನ್ನು ಒಂದು ವಾರ ಬಿಡಲಿಲ್ಲ. ಇದ್ದಿಲಿನ ಹೊಗೆಗೆ ಅವರ ಕಣ್ಣೂ ಸೋಲತೊಡಗಿವೆ. ಗಂಡನಂತೆ ತಮ್ಮ ಕಣ್ಣೂ ಮಂಜಾದರೆ ಮನೆಯಲ್ಲಿ ಎರಡು ಜೋಡಿ ಕಿವಿ ಉಳಿಯುತ್ತವೆ, ಕೈಯಿಲ್ಲ. ವೆಂಕೋಬ ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಕುಂದರೋಳು ನೀನು, ನೀನ ನೋಡ್ಕೋ" ಎಂದರಷ್ಟೇ.

ಹೊನ್ನೂರಮ್ಮ ಲೆಕ್ಕ ಹಾಕಿದ್ದು ಬೇರೆ ರೀತಿ. ಅದನ್ನು ಅವರ ಮಾತಿನಲ್ಲೇ ಕೇಳಬೇಕು. "ಈಗ ಬಾಯಿ ಮುಚ್ಚಿಕೊಂಡು ಒಳಗ ಕುಂತ್ನೆಂದ್ರ, ಜನ ಏನಂತಾರ? ಆಕಿ ಹೇಳಿದ್ದೆಲ್ಲ ಸುಳ್ಳಿತ್ತು, ಅದಕ್ಕ ಬಿಟ್ಟಾಳ ಅಂತಾರ. ಸುಳ್ಳೇನಲ್ಲಲ್ರೀ ಅದು. ಅರ್ಧ ಹೇಳಿದ್ದೆ. ಇನ್ನರ್ಧ ಹೇಳಬೇಕು."

ಇನ್ನರ್ಧ ಹೇಳುವ ಮೊದಲು ಅವರು ತಮ್ಮ ಮನೆಯ ಖಾರದ ಗಡಿಗೆ ತೆರೆದರು. ಅರ್ಧ ತೆಗೆದು ಡಬ್ಬಿಗೆ ತುಂಬಿ, ತಲೆಯ ಮೇಲೆ ಹೊತ್ತು ಗ್ಯಾನಮ್ಮನ ಊರಿಗೆ ನಡೆದರು. ಗ್ಯಾನಮ್ಮ ಬಾಗಿಲಲ್ಲೇ ನಿಂತು ಡಬ್ಬಿ ತೆಗೆದುಕೊಂಡರು. ಮೂಸಿ ನೋಡಿ, "ಬಳ್ಳೊಳ್ಳಿ ಕಮ್ಮಿ ಹಾಕೀದಿ" ಎಂದರು. ಒಳಗೆ ಬಾ ಎನ್ನಲಿಲ್ಲ. ಹೊನ್ನೂರಮ್ಮ ಮಾಳಿಗೆ ನೋಡಬೇಕು ಎಂದರು. ಏಣಿ ಹತ್ತಿ, ಸೆಲ್ಲು ಎಲ್ಲಿತ್ತು, ಮೆಣಸಿನಕಾಯಿ ಎಲ್ಲಿತ್ತು ಎಂದು ನೋಡಿಕೊಂಡು ಇಳಿದರು. ಆ ವರ್ಷ ಹೊನ್ನೂರಮ್ಮನ ಮನೆಯ ಸಾರು ಸಪ್ಪಗಿತ್ತು. "ಉರಿ ಕಮ್ಮಿ ಆಗಿ ಹೊಟ್ಟಿ ಚೊಲೋ ಆಗೈತಿ" ಎಂದು ವೆಂಕೋಬ ಇಂದಿಗೂ ಹೆಂಡತಿಯನ್ನು ಕೆಣಕುತ್ತಾರೆ.

ಅಂದಿನಿಂದ ಸೆಲ್ಲಿನ ಪಾಠ ಬದಲಾಗಿದೆ. ಸಂತೆಯಲ್ಲಿ ಅವರ ಎದುರು ಒಂದು ತೆಂಗಿನ ಚಿಪ್ಪು ಇರುತ್ತದೆ. ಸೆಲ್ಲಿನ ತಳ ಉಬ್ಬಿದ್ದರೆ, ಅಂಟು ಒಸರಿದ್ದರೆ ಅದನ್ನು ಬಿಸಿಲಿಗೆ ಹಾಕುವಂತಿಲ್ಲ. ಗಟ್ಟಿ ಇದ್ದದ್ದನ್ನು ಚಿಪ್ಪಿನಲ್ಲಿಟ್ಟು ಗೋಡೆಯ ಮೇಲೆ, ಕೂಸುಗಳ ಕೈಗೆ ಸಿಗದ ಕಡೆ, ಒಂದೇ ಒಂದು ಬಿಸಿಲು. ಹೊತ್ತು ಮುಳುಗುವ ಮೊದಲು ತೆಗೆಯಬೇಕು. ಹೊಸದರ ಜೊತೆ ಹಳೆಯದನ್ನು ಜೋಡಿ ಹಾಕಬಾರದು. ಹೇಳಿ ಮುಗಿಸಿದ ಮೇಲೆ ಅವರು ಎದುರಿಗಿದ್ದವರನ್ನು ಬಿಡುವುದಿಲ್ಲ. "ಈಗ ನೀ ಹೇಳು" ಎನ್ನುತ್ತಾರೆ. ಕೇಳಿದವರು ತಿರುಗಿ ಪೂರ್ತಿ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಕೆಲವರಿಗೆ ಇದು ಸಿಟ್ಟು. ಕೆಲವರು ಇದರ ಸೋಜಿಗ ನೋಡಲೆಂದೇ ಬರುತ್ತಾರೆ. ಜನ ಮೆಲ್ಲಗೆ ಮರಳಿದ್ದಾರೆ, ಮೊದಲಿನಷ್ಟಲ್ಲ.

ಈ ವಾರದ ಮಸ್ಕಿ ಸಂತೆಯಲ್ಲಿ ಅವರ ಮುಂದೆ ಕೂತವಳು ಯಮನೂರಮ್ಮ ಎಂಬ ಹೊಸ ಮದುವಣಗಿತ್ತಿ. ತವರಿನಿಂದ ಬಂದ ರೇಡಿಯೋ ಅವಳ ಮಡಿಲಲ್ಲಿದೆ.

"ಈಗ ನೀ ಹೇಳು, ತಂಗಿ."

"ತಳ ನೋಡಬೇಕು... ಚಿಪ್ಪಿನ್ಯಾಗ ಇಡಬೇಕು... ಬಿಸಲಿಗೆ..."

"ಎಲ್ಲಿ ಬಿಸಲಿಗೆ?"

ಹುಡುಗಿ ತಡವರಿಸುತ್ತಾಳೆ. ಅಷ್ಟರಲ್ಲಿ ತಲೆಯ ಮೇಲೆ ಬದನೆಕಾಯಿ ಬುಟ್ಟಿ ಹೊತ್ತು ಆ ದಾರಿಯಲ್ಲಿ ಹೊರಟಿದ್ದ ಹೆಂಗಸೊಬ್ಬರು ನಿಲ್ಲದೆಯೇ ಕೂಗುತ್ತಾರೆ: "ಗ್ವಾಡಿ ಮ್ಯಾಲ ಬೇ! ಮೆಣಸಿನಕಾಯಾಗ ಇಟ್ಟೀ ಮತ್ತ, ನನ್ನಂಗ ಆದೀ!"

ಸಂತೆಯ ಆ ಮೂಲೆ ಗೊಳ್ಳೆಂದು ನಗುತ್ತದೆ. ಕೂಗಿದವರು ಗ್ಯಾನಮ್ಮ. ಹೊನ್ನೂರಮ್ಮನೂ ಸೆರಗು ಬಾಯಿಗೆ ಹಚ್ಚಿ ನಗುತ್ತಾರೆ. ಬುಟ್ಟಿ ದೂರ ಹೋಗುವವರೆಗೂ ಅವರ ಕಣ್ಣು ಅದರ ಹಿಂದೆಯೇ ಇದೆ. ಒಲೆಯಲ್ಲಿ ಬೆಸುಗೆ ಕಡ್ಡಿ ಕಾದು ಕೆಂಪಾಗಿರುವುದು ಆಮೇಲೆ ನೆನಪಾಗುತ್ತದೆ.

ನಿಮಗೇನು ಆಗಬೇಕು ಎಂದು ಕೇಳಿದರೆ ಅವರು ಕರೆಂಟು ಕೇಳುವುದಿಲ್ಲ, ನೆರಳೂ ಕೇಳುವುದಿಲ್ಲ. "ಗ್ಯಾನಮ್ಮಕ್ಕನ ಮನ್ಯಾಗ ಒಂದು ರೇಡಿಯೋ ಐತ್ರಿ. ರಿಪೇರಿಗೆ ಸಿಂಧನೂರ ದುಕಾನಕ್ಕ ಒಯ್ತಾಳ, ನನ್ನ ಹತ್ರ ತರಂಗಿಲ್ಲ. ಅದು ಒಮ್ಮೆ ನನ್ನ ಕೈಗೆ ಬರಬೇಕು. ನಮ್ಮ ಮನ್ಯಾಗಿನ ಕಿವಿಗೂ ಕೇಳಿಸಬೇಕು."

ಬಾಯಿ ಮುಚ್ಚಲು ಒಪ್ಪದ್ದಕ್ಕೆ ಗೋಪಣ್ಣನವರ ಕಟ್ಟೆ ಕೈತಪ್ಪಿದೆ. ಲಿಂಗಸುಗೂರಿನಲ್ಲಿ ಈಗ ಅವರು ಬಸ್ ಸ್ಟ್ಯಾಂಡಿನ ಗೋಡೆಯ ಬದಿಗೆ, ಬಿಸಿಲಿನಲ್ಲಿ ಕೂರುತ್ತಾರೆ. ಅರ್ಧ ವರ್ಷದ ಖಾರ ಹೋಯಿತು, ಒಂದು ಮನೆಯ ರೇಡಿಯೋ ಬೇರೆ ದುಕಾನಕ್ಕೆ ಹೋಯಿತು. ಅವರು ಹೇಳಿದ ಮಾತನ್ನು ಈಗ ಗ್ಯಾನಮ್ಮ ಸಂತೆಯ ತುಂಬ ಹೇಳುತ್ತ ಹೋಗುತ್ತಾರೆ, ಕೂಲಿಯಿಲ್ಲದೆ.