ಎರಡನೇ ಸಲ ಓದದ ಹಾಳೆ

ಎಲ್ಲವೂ ಕೆಡಲು ಶುರುವಾದದ್ದು ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಾವು ಹಳೆಯ ಶಾಸನ ಓದುತ್ತಿದ್ದ ಆ ಸಂಗ್ರಹದ ಕೋಣೆಯೊಳಗೆ ಮೊಬೈಲ್ ಒಯ್ಯುವಂತಿರಲಿಲ್ಲ. ಕಾವಲುಗಾರನ ಡ್ರಾಯರಿನಲ್ಲಿ ಇಟ್ಟು ಹೋಗಬೇಕು. ಚಹಾ ತರಲು ಹೊರಬಂದು ಅದನ್ನು ಕೈಗೆತ್ತಿಕೊಂಡಾಗ ಪರದೆಯ ಮೇಲೆ ಕಂಡ ಹೊತ್ತು ಅದು. ಆಗಲೇ ಒಳಗಿನಿಂದ ಗ್ಯಾಸ್ ಕಟರಿನ ಸುಯ್ಯೆಂಬ ಸದ್ದು ಬಂತು. ಕೇಳಿಸಿಕೊಂಡೆ. ಕೇಳಿಸಿಕೊಂಡೂ ಚಹಾಕ್ಕೆ ಹೋದೆ.

ಮೊನ್ನೆ ಸೋಮವಾರ ನಮ್ಮ ಎದುರಿನ ಕಟ್ಟಡದಲ್ಲಿ ಯಾರೋ ಬಾಲ್ಕನಿಯ ಕಬ್ಬಿಣದ ಜಾಳಿಗೆ ಕತ್ತರಿಸುತ್ತಿದ್ದರು. ಕಾದ ಕಬ್ಬಿಣ, ಸುಟ್ಟ ಬಣ್ಣ, ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಬಂದದ್ದೇ ತಡ, ಲಟ್ಟಣಿಗೆ ಬಿಸಾಕಿ ಬರಿಗಾಲಲ್ಲಿ ಮೂರು ಮಹಡಿ ಇಳಿದು ರಸ್ತೆಯ ಮೇಲೆ ನಿಂತಿದ್ದೆ. ಕೈಯೆಲ್ಲ ಹಿಟ್ಟು. ಪಕ್ಕದ ಮನೆಯಾಕೆ ಗಾಬರಿಯಿಂದ, "ಕಾಯ ಝಾಲಂ?" ಅಂದರು. ಏನಾಯಿತೆಂದು ಹೇಳಹೊರಟರೆ ಸಾವಿರ ವರ್ಷ ಹಿಂದಿನಿಂದ ಶುರುಮಾಡಬೇಕು. ಅವರಿಗೆ ಅಷ್ಟು ಪುರುಸೊತ್ತಿರಲಿಲ್ಲ. ನಿಮಗಿದ್ದರೆ ಕೂತುಕೊಳ್ಳಿ.

ನಮ್ಮ ಕೆಳಗಿನ ಮನೆಯಲ್ಲಿ ಬಂಡು ಕಾಕಾ ಇದ್ದಾರೆ. ಬೆಳಗಾವಿ ಕಡೆಯವರು, ನಾವಿರುವ ಈ ಪುಣೆಯಲ್ಲೇ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತರಾದವರು. ನಿವೃತ್ತಿಯ ನಂತರ ಉಳಿದವರು ಬೆಟ್ಟ ಹತ್ತುತ್ತಾರೆ, ಹಾಡು ಕಲಿಯುತ್ತಾರೆ. ಇವರು ಹಳೆಯ ಗ್ರಹಣಗಳ ಬೆನ್ನು ಹತ್ತಿದರು. ಒಂದು ದಿನ ನಮ್ಮ ಮನೆಗೆ ಬಂದು, "ನಿಂದು ಕನ್ನಡ ಎಂ.ಎ. ಅಲ್ಲೇನವಾ? ಹಳಗನ್ನಡ ಓದಲಿಕ್ಕೆ ಬರ್ತದೋ, ಬರೇ ಪಾಸಾಗೀಯೋ?" ಅಂದರು. ಬರೇ ಪಾಸಾಗಿದ್ದೆ. ಹಾಗೆಂದು ಹೇಳಲಾಗಲಿಲ್ಲ. ಅಂದಿನಿಂದ ವಾರಕ್ಕೆರಡು ದಿನ ಅವರ ಜೊತೆ ಹೋಗಿ ಶಾಸನ ಓದುವುದು ನನ್ನ ಕೆಲಸವಾಯಿತು. ಪುಣೆಯಲ್ಲೇಕೆ ಕನ್ನಡ ಶಾಸನ ಎಂದು ಕೇಳಬೇಡಿ. ನಮ್ಮ ಕಡೆಯ ಊರುಗಳೆಲ್ಲ ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ ಕಾಗದಗಳೂ ಇತ್ತಲೇ ಬಂದವು, ನಾವು ಬಂದ ಹಾಗೆ.

ಕಲ್ಲುಗಳು ಬಂದಿರಲಿಲ್ಲ, ಪಡಿಯಚ್ಚು ಬಂದಿದ್ದವು. ತೋಯಿಸಿದ ಕಾಗದವನ್ನು ಶಾಸನದ ಮೇಲೆ ಹಾಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳಿಗೆ ಇಳಿಸಿ, ಮೇಲೆ ಮಸಿ ಒತ್ತಿದರೆ ಹಾಳೆ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಅದೇ ಪಡಿಯಚ್ಚು. ಒಣಗಿಸಿ ಸುರುಳಿ ಸುತ್ತಿ ಇಲ್ಲಿನ ಒಂದು ಸಂಸ್ಥೆಯ ಸಂಗ್ರಹದ ಕೋಣೆಯಲ್ಲಿ ಇಟ್ಟಿದ್ದರು.

ಗ್ರಹಣಕ್ಕೂ ಇದಕ್ಕೂ ಏನು ಸಂಬಂಧ? ಮೊದಲ ದಿನ ನಾನೂ ಇದನ್ನೇ ಕೇಳಿದೆ. ಕಾಕಾ ಎದ್ದು ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿದರು.

"ನೋಡು. ನಿಂತತೇನು?"

"ಇಲ್ಲರಿ. ಸಾವಕಾಶ ಆಗಲಿಕ್ಕತ್ತೇದ."

"ಭೂಮೀನೂ ಹಂಗ ಸಾವಕಾಶ ಆಗಲಿಕ್ಕತ್ತೇದ. ಚಂದ್ರ ಸಮುದ್ರಾ ಎಳೀತಾನ, ಅದರಿಂದ ಭೂಮೀಗೆ ಬ್ರೇಕ್ ಬೀಳ್ತದ. ಭಾಳ ಹಗೂರ. ನಿನಗ ನನಗ ತಿಳಿಯೂದಿಲ್ಲ. ಸಾವಿರ ವರ್ಷ ಹಿಂದಕ್ಕ ಹೋದ್ರ ತಿಳೀತದ."

ಪುಣೆಯ ಏಪ್ರಿಲ್ ತಿಂಗಳು. ಫ್ಯಾನು ಮತ್ತೆ ಹಾಕುವ ತನಕ ನನಗೆ ಭೂಮಿಯ ಚಿಂತೆ ಹತ್ತಲಿಲ್ಲ. ಆಮೇಲೆ ನಿಧಾನವಾಗಿ ತಲೆಗೆ ಹೋಯಿತು. ಭೂಮಿ ಇವತ್ತಿನ ವೇಗದಲ್ಲೇ ಎಂದಿನಿಂದಲೂ ಸುತ್ತುತ್ತಿದೆ ಎಂದು ಹಿಡಿದು ಲೆಕ್ಕ ಮಾಡಿದರೆ, ಸಾವಿರ ವರ್ಷದ ಹಿಂದಿನ ಪೂರ್ಣಗ್ರಹಣದ ನೆರಳು ನಿಜವಾಗಿ ಬಿದ್ದ ಜಾಗದಿಂದ ನೂರಾರು ಕಿಲೋಮೀಟರ್ ಆಚೆ ಬೀಳುತ್ತದೆ. ಆ ನೆರಳಿನ ಪಟ್ಟಿ ಕಿರಿದು. ಅದರೊಳಗೆ ನಿಂತವರಿಗೆ ಮಾತ್ರ ಹಗಲು ಪೂರ್ತಿ ಆರುತ್ತದೆ. ಆದ್ದರಿಂದ ಯಾರಾದರೂ ಇಂಥ ಊರಿನಲ್ಲಿ ನಿಂತು ಪೂರ್ಣಗ್ರಹಣ ಕಂಡೆವು ಎಂದು ಬರೆದಿಟ್ಟಿದ್ದರೆ, ಎರಡು ಜಾಗಗಳ ಅಂತರದಿಂದ ಭೂಮಿ ಎಷ್ಟು ನಿಧಾನವಾಗಿದೆ ಎಂದು ಅಳೆಯಬಹುದು. ಇಂಥ ಊರಿನಲ್ಲಿ ಎಂಬುದೇ ಜೀವಾಳ. ಊರು ಗೊತ್ತಿಲ್ಲದ ಗ್ರಹಣ ಕಾಕಾಗೆ ಬರೇ ಕಥೆ.

ನಮ್ಮ ಶಾಸನಗಳಲ್ಲಿ ಸೂರ್ಯಗ್ರಹಣಕ್ಕೇನೂ ಬರಗಾಲವಿಲ್ಲ. ಭೂಮಿ ಕೊಟ್ಟಾಗ, ಗಾಣ ಕೊಟ್ಟಾಗ, ಸೂರ್ಯಗ್ರಹಣದ ನಿಮಿತ್ತ ಎಂದು ಒಂದು ಮಾತು ಇದ್ದೇ ಇರುತ್ತದೆ. ಕಾಕಾ ಲೆಕ್ಕ ಹಾಕಿ ನೋಡಿದರೆ ಕೆಲವು ದಿನ ಗ್ರಹಣವೇ ಇಲ್ಲ, ಕೆಲವು ದಿನ ಇದ್ದರೂ ಇಲ್ಲಿ ಕಾಣುವಂಥದಲ್ಲ. "ಪಂಚಾಂಗದಾಗ ಇತ್ತಂತ ಬರದಾರ ಮಕ್ಕಳು. ಕತ್ತು ಎತ್ತಿ ಮ್ಯಾಲ ನೋಡಿಲ್ಲ" ಎಂದು ಬೈಯುತ್ತ ಅಂಥವನ್ನು ಹೊಡೆದುಹಾಕುತ್ತಿದ್ದರು. ಪುಣ್ಯಕ್ಕಾಗಿ ಬರೆದವರನ್ನು ಹೀಗೆ ಬೈಯಬಾರದು ಎಂದು ನಾನು ಅಂದರೆ, "ಪುಣ್ಯಾ ಅವರಿಗೆ ಬಂದದ. ನನಗೇನು ಬಂತು?" ಎನ್ನುವರು.

ಇಂಥದರ ನಡುವೆ ಒಂದು ಹಾಳೆ ಸಿಕ್ಕಿತು. ಮೇಲರ್ಧ ಒಡೆದ ಕಲ್ಲಿನದು, ಊರ ಹೆಸರಿನ ಸಾಲು ಒಡೆದ ಭಾಗದ ಜೊತೆಗೇ ಹೋಗಿತ್ತು. ಉಳಿದದ್ದರಲ್ಲಿ ವರ್ಷ, ತಿಥಿ ಇದ್ದವು; ಹಗಲಲ್ಲಿ ನಕ್ಷತ್ರ ಕಂಡವು, ಹಕ್ಕಿಗಳು ಗೂಡಿಗೆ ತಿರುಗಿದವು ಎಂದಿತ್ತು. ಕೊನೆಗೂ ಒಬ್ಬ ಕತ್ತು ಎತ್ತಿ ನೋಡಿದ್ದ! ಕಾಕಾ ಆ ಸಾಲನ್ನು ನನ್ನಿಂದ ನಾಲ್ಕು ಸಲ ಓದಿಸಿ ಕನ್ನಡಕ ಒರೆಸಿಕೊಂಡರು. ಸಂಸ್ಥೆಯ ಪಟ್ಟಿಯಲ್ಲಿ ಧಾರವಾಡ ಕಡೆಯ ಒಂದು ಊರನ್ನು ನಮೂದಿಸಿದ್ದರು. ಆದರೆ ಅದು ಪಡಿಯಚ್ಚು ತೆಗೆದ ಜಾಗ. ಆ ಕಾಲದ ಅಧಿಕಾರಿಯೊಬ್ಬರು ಎಲ್ಲೆಲ್ಲಿಂದಲೋ ಕಲ್ಲು ತರಿಸಿ ತಮ್ಮ ಬಂಗಲೆಯ ತೋಟದಲ್ಲಿ ನಿಲ್ಲಿಸುತ್ತಿದ್ದರಂತೆ. ಈಗ ಆ ತೋಟವೂ ಇಲ್ಲ, ಕಲ್ಲೂ ಇಲ್ಲ. ಕಲ್ಲು ಮೂಲದಲ್ಲಿ ಎಲ್ಲಿತ್ತು? ಅದು ಒಂದೇ ಕಡೆ ಸಿಗಬಹುದಿತ್ತು, ಹಾಳೆಯ ಹಿಂಬದಿಯಲ್ಲಿ. ಅಚ್ಚು ತೆಗೆದವರು ಕಲ್ಲು ಬಂದ ಊರನ್ನು ಹಿಂದೆ ಪೆನ್ಸಿಲಿನಲ್ಲಿ ಬರೆದಿಡುವ ರೂಢಿಯಿತ್ತು.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಆ ಸಂಸ್ಥೆ ಎಲ್ಲ ಪಡಿಯಚ್ಚುಗಳನ್ನೂ ಸ್ಕ್ಯಾನ್ ಮಾಡಿಸಿತ್ತು. ಮುಂಬದಿ ಮಾತ್ರ. ಹಿಂಬದಿ ಏಕಿಲ್ಲ ಎಂದು ವ್ಯವಸ್ಥಾಪಕರನ್ನು ಕೇಳಿದರೆ, "ಅಲ್ಲೇನಿದೆ ಮ್ಯಾಡಮ್? ಕೋರಾ ಕಾಗದ" ಎಂದು ಹಿಂದಿಯಲ್ಲಿ ನಕ್ಕರು. ಕೋರಾ, ಅಂದರೆ ಖಾಲಿಯಂತೆ! ಫೋಟೋ ತೆಗೆಯಲು ಅರ್ಜಿ ಕೊಟ್ಟಿದ್ದೆವು; ಅರ್ಜಿ ಸಮಿತಿಯ ಮುಂದಿತ್ತು, ಸಮಿತಿ ಸೇರಿರಲಿಲ್ಲ. ಅಷ್ಟರಲ್ಲಿ ಕೋಣೆ ಖಾಲಿ ಮಾಡುವ ಹುಕುಂ ಬಂತು. ಸ್ಕ್ಯಾನ್ ಆದಮೇಲೆ ಕಾಗದ ರದ್ದಿ, ಕಪಾಟು ಗುಜರಿ. ಕಾಗದ ಒಳಗಿರುವಾಗಲೇ ಕಬ್ಬಿಣದ ಕಪಾಟು ಕತ್ತರಿಸಲು ಆಳುಗಳನ್ನು ಕಳಿಸಿದರು.

ಆ ದಿನ ನಾವು ಹತ್ತಕ್ಕೇ ಹೋಗಿದ್ದೆವು. ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಮೂಲೆಯಲ್ಲಿ ಪೆನ್ಸಿಲಿನ ಒಂದು ಸಾಲು, ಉಸಿರು ತಾಗಿದರೆ ಹಾರಿಹೋಗುವಷ್ಟು ಮಸುಕು. ಕಾಕಾನ ಒಂದು ಕಟ್ಟುನಿಟ್ಟು ನಿಮಗೆ ಹೇಳಬೇಕು. ನಾನು ಮೊದಲ ಸಲ ಓದುವಾಗ ಬರೆಯುವಂತಿಲ್ಲ. ಓದಿ, ಎದ್ದು ಹೋಗಿ, ಬೇರೆ ಏನಾದರೂ ನೋಡಿ, ಮರಳಿ ಬಂದು ಎರಡನೇ ಸಲ ಓದಿದಾಗಲೂ ಅದೇ ಬಂದರೆ ಮಾತ್ರ ಬರೆಯಬೇಕು. ಮೊದಲ ಓದಿನಲ್ಲಿ ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ ಎಂಬುದು ಅವರ ನಂಬಿಕೆ. ಇನ್ನೊಂದು ನಿಯಮ, ನಾನು ಓದುವ ಮೊದಲು ಅವರು ಬಾಯಿ ಬಿಡುವಂತಿಲ್ಲ. ಅದು ಅವರು ತಮಗೇ ಹಾಕಿಕೊಂಡದ್ದು.

ಆ ದಿನ ಬಾಯಿ ಬಿಟ್ಟರು. ನಾನು ಭೂತಗನ್ನಡಿ ಸರಿಮಾಡುತ್ತಿದ್ದಾಗ ತಡೆಯಲಾರದೆ ಭೀಮಾ ದಂಡೆಯ ಒಂದು ಊರಿನ ಹೆಸರು ಹೇಳಿ, "ಅದs ಅಲ್ಲೇನು, ತಂಗೀ?" ಅಂದರು. ಅಲ್ಲಿಯದಾದರೆ ಅವರ ಲೆಕ್ಕವೆಲ್ಲ ಕೂಡಿಬರುತ್ತಿತ್ತು. ನಾನು ಓದಿದೆ. "ಹೌದ್ರಿ ಕಾಕಾ, ಅದs ಅದ" ಅಂದೆ.

ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಆಮೇಲೆ, "ಹೋಗು, ಚಹಾ ತೊಗೊಂಡು ಬಾ. ಕಣ್ಣು ಹಸನಾಗಲಿ. ಬಂದು ಮತ್ತೊಮ್ಮೆ ಓದು, ಬರಿಯೋಣು" ಅಂದರು. ಹನ್ನೊಂದು ಇಪ್ಪತ್ತು.

ಎರಡು ಕಾಗದದ ಕಪ್ಪು ಹಿಡಿದು ಮರಳಿದಾಗ ಬಾಗಿಲಿನಿಂದ ಹೊಗೆ ಬರುತ್ತಿತ್ತು. ಕಿಡಿ ಸುರುಳಿಗಳ ಮೇಲೆ ಬಿದ್ದಿತ್ತು. ಕಪಾಟು ಕತ್ತರಿಸಲು ಬಂದ ಗುಂಪಿನ ಸಾಬಮ್ಮ, ಯಾದಗಿರಿ ಕಡೆಯವಳು, ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. "ಮುತ್ಯಾ ಒಳಗs ಕುಂತಾನ್ರಿ ಅಕ್ಕಾರ! ಕಾಗದ ತೆಗೀರಿ, ಆಮ್ಯಾಗ ಕಟರ್ ಹಚ್ಚತೀವಂತ ಎಷ್ಟು ಬಡಕೊಂಡೆ, ಸಾಹೇಬ ಕೇಳಲಿಲ್ಲ!" ಮುಂದಿನ ಬಾಗಿಲಲ್ಲಿ ಉರಿ ಎದ್ದಿತ್ತು, ಹಿಂದಿನ ಬಾಗಿಲಿಗೆ ಓಡಿದೆವು. ಬೀಗ. ರದ್ದಿ ಕಾಗದ ಯಾರಾದರೂ ಕದ್ದಾರು ಎಂದು ಹಾಕಿದ ಬೀಗ! ಬೀಗದ ಕೈ ವ್ಯವಸ್ಥಾಪಕರ ಜೇಬಿನಲ್ಲಿ. ವ್ಯವಸ್ಥಾಪಕರು ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ, ಸ್ಕ್ಯಾನಿನ ಕಂಪನಿಯಿಂದ ಹಾರ್ಡ್ ಡಿಸ್ಕ್ ತರಲು ಹೋಗಿದ್ದರು. ಕಾವಲುಗಾರ ಫೋನು ಮಾಡಿದರೆ, "ಯೇತೋ, ಯೇತೋ" ಅಂದರು. ಬರುತ್ತಾರಂತೆ.

ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಆಮೇಲೆ ಅದು ಕೇಳಲಿಲ್ಲ. ನಾನು ಇವತ್ತಿಗೂ ಮತ್ತೆ ಮತ್ತೆ ಕೇಳಿಸಿಕೊಳ್ಳುವುದು ಕೆಮ್ಮು ನಿಂತ ಆ ಹೊತ್ತನ್ನು. ಓದಿದ ಹೆಂಗಸು, ನಾನು ಏನು ಮಾಡಿದೆ ಗೊತ್ತೇ? ಎರಡೂ ಕೈಯಲ್ಲಿ ಚಹಾದ ಕಪ್ಪು ಹಿಡಿದೇ ನಿಂತಿದ್ದೆ. ಸಾಬಮ್ಮ ಹಾರೆ ತಂದು ಬೀಗಕ್ಕೆ ಕೊಟ್ಟು ಮೈಭಾರ ಬಿಟ್ಟಳು. ಮೂರನೇ ಸಲಕ್ಕೆ ಕೊಂಡಿ ಕಿತ್ತು ಬಂತು. ಸೆರಗು ಬಾಯಿಗೆ ಕಟ್ಟಿ ಒಳನುಗ್ಗಿ ಕಾಕಾನನ್ನು ಎಳೆದು ತಂದವಳೂ ಅವಳೇ. ಕಾಕಾ ಎದೆಗೊಂದು ಸುರುಳಿ ಅವಚಿಕೊಂಡಿದ್ದರು. ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದರು. ಸುಡದೆ ಉಳಿದದ್ದೆಲ್ಲ ನೀರಿನಲ್ಲಿ ಮುದ್ದೆಯಾಯಿತು.

ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ತೆಗೆದ ದಿನ ಆ ಸುರುಳಿ ಬಿಚ್ಚಿದೆವು. ಯಾರೋ ಪುಣ್ಯಾತ್ಮ ದೇವರಿಗೆ ಹೂವಿನ ತೋಟ ಬಿಟ್ಟ ಶಾಸನ. ಹೊಗೆಯಲ್ಲಿ ಕಾಕಾ ಕೈಗೆ ಸಿಕ್ಕದ್ದನ್ನು ಎತ್ತಿಕೊಂಡಿದ್ದರು. ನಗಲು ಹೋಗಿ ಕೆಮ್ಮಿದರು.

"ಕಾಕಾ, ನಾ ಓದೀನಲ್ಲರಿ. ಊರು ನನಗ ನೆನಪದ. ಬರಕೊಡ್ತೀನಿ" ಅಂದೆ.

ಅವರು ಸುರುಳಿಯನ್ನು ಮತ್ತೆ ಸುತ್ತತೊಡಗಿದರು. "ನಾ ಮೊದಲ ಅಂದೆ, ಆಮ್ಯಾಲ ನೀ ಓದಿದಿ. ಹೌದಲ್ಲ?"

"ಹೌದ್ರಿ."

"ನಾ ಅನದಿದ್ರ ಅದನ್ನs ಓದ್ತಿದ್ದೇನು?"

ಓದುತ್ತಿದ್ದೆ ಎನ್ನಲು ಬಾಯಿ ತೆರೆದೆ. ಕಣ್ಣ ಮುಂದೆ ಆ ಪೆನ್ಸಿಲಿನ ಸಾಲು ಇದೆ, ಅದರ ಮೇಲೆ ಕಾಕಾನ ದನಿ ಇದೆ. ಎರಡನ್ನೂ ಬೇರೆ ಮಾಡಲು ಆಗುತ್ತಿಲ್ಲ. ಆ ರಾತ್ರಿಯಿಂದ ನನ್ನ ನಿದ್ದೆ ಹಾರಿಹೋಯಿತು.

ತಿಂಗಳು ಕಳೆದ ಮೇಲೆ ಸಂಸ್ಥೆಯಿಂದ ಕಾಗದ ಬಂತು. ಪ್ರತ್ಯಕ್ಷದರ್ಶಿಯಾಗಿ ನಾನು ಸಹಿ ಹಾಕಬೇಕಾದ ಹೇಳಿಕೆ, ಅವರೇ ಬರೆದದ್ದು. ಕೂಲಿಗಳ ಅಜಾಗರೂಕತೆಯಿಂದ ಬೆಂಕಿ. ಎಲ್ಲ ದಾಖಲೆಗಳೂ ಕಂಪ್ಯೂಟರಿನಲ್ಲಿ ಸುರಕ್ಷಿತ. ಯಾವ ನಷ್ಟವೂ ಆಗಿಲ್ಲ. ಸಾಬಮ್ಮನ ಗುಂಪನ್ನು ಗುತ್ತಿಗೆದಾರ ಅದಾಗಲೇ ಕೆಲಸದಿಂದ ಬಿಡಿಸಿದ್ದ. ತಳೇಗಾಂವದಿಂದ ಅವಳು ಫೋನು ಮಾಡಿ, "ನಮ್ಮ ಹೆಸರs ಬರದಾರಂತಲ್ರಿ ಅಕ್ಕಾರ? ನೀವs ನೋಡೀರಲ್ರಿ" ಅಂದಳು. ಆ ಕಾಗದವನ್ನು ಒಂದು ವಾರ ಉಪ್ಪಿನ ಭರಣಿಯ ಕೆಳಗೆ ಇಟ್ಟಿದ್ದೆ. ಮೊನ್ನೆ ಬರಿಗಾಲಲ್ಲಿ ರಸ್ತೆಗೆ ಓಡಿ ನಿಂತೆನಲ್ಲ, ಮರಳಿ ಮೇಲೆ ಬಂದವಳು ಕೈ ತೊಳೆದು, ಅದನ್ನು ಹರಿದು, ಬೇರೆ ಹಾಳೆ ತೆಗೆದುಕೊಂಡು ಕೂತೆ.

ಕಂಡದ್ದನ್ನು ಬರೆದೆ. ಕಾಗದ ತೆಗೆಯಿರಿ ಎಂದು ಸಾಬಮ್ಮ ಮೊದಲೇ ಹೇಳಿದ್ದಾಗಿ ಅಲ್ಲೇ ಕೂಗಿದ್ದು, ಬೀಗ, ಹಾರೆ, ನನ್ನ ಕೈಯ ಚಹಾ. ಒಂದು ಹಾಳೆಯ ಹಿಂದೆ ಊರ ಹೆಸರಿತ್ತು, ಒಮ್ಮೆ ಓದಿದೆ, ಬೇರೊಬ್ಬರ ಬಾಯಿಂದ ಹೆಸರು ಕೇಳಿದ ಮೇಲೆ ಓದಿದೆ, ಆದ್ದರಿಂದ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ ಎಂದೂ ಬರೆದೆ. ಕಾಕಾಗೆ ತೋರಿಸಿದೆ. ಓದಿ, ತಮ್ಮ ಲೆಕ್ಕದ ವಹಿ ತರಿಸಿ, ಹಗಲಲ್ಲಿ ನಕ್ಷತ್ರ ಕಂಡವನ ಸಾಲಿನ ಮೇಲೆ ತಾವೇ ಗೆರೆ ಎಳೆದರು. "ನೋಡಿದ್ದ, ಪಾಪ. ಎಲ್ಲೆ ನಿಂತು ನೋಡಿದ್ದನೋ" ಅಂದರು. ನಾನು ಅತ್ತೆ. ಅವರು ಅಳಲಿಲ್ಲ.

ಬುಧವಾರ ಸಂಸ್ಥೆಗೆ ಹೋದೆ. ವ್ಯವಸ್ಥಾಪಕರು ಹಣೆ ಗಂಟಿಕ್ಕಿ ಓದಿದರು. "ಹೆಸರು ನೀವೇ ಹೇಳುತ್ತಿಲ್ಲ. ಹಾಗಾದರೆ ನಷ್ಟವಾದದ್ದೇನು?" ಎಂದು ಮರಾಠಿಯಲ್ಲಿ ಕೇಳಿದರು.

"ಏನು ಹೋಯಿತೆಂದು ಯಾರಿಗೂ ಹೇಳಲಾಗದ ಹಾಗೆ ಹೋಗಿದೆ. ಅದೇ ನಷ್ಟ" ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ದನಿ ಜೋರಾಗಿಯೇ ಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮುದ್ರೆ ಒತ್ತಿ ನನ್ನ ಪ್ರತಿ ಕೊಡುವ ತನಕ ಕುರ್ಚಿ ಬಿಟ್ಟೇಳಲಿಲ್ಲ. ಹೊರಬಂದು ಸಾಬಮ್ಮನಿಗೆ ಫೋನು ಮಾಡಿ, ಬರೆದದ್ದನ್ನು ಓದಿ ಹೇಳಿದೆ. "ಹಂಗs ಆಗಿದ್ದು ನೋಡ್ರಿ" ಅಂದಳು.

ಗುರುವಾರ ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಹಾಲಿನವನು ಬೆಲ್ ಮಾಡಿ ಮಾಡಿ ಸಾಕಾಗಿ, ಪಾಕೀಟನ್ನು ಬಾಗಿಲ ಹಿಡಿಗೆ ನೇತುಹಾಕಿ ಹೋಗಿದ್ದ. ನಿದ್ದೆಯಲ್ಲಿ ನನಗೆ ಏನೂ ಕೇಳಿಸಿರಲಿಲ್ಲ.