ನೀರಿನ ಮೇಲೆ ಹೋದ ನುರ್ಮಾಳ ಮನೆ

ಒಂದು ಇಡೀ ಮನೆ ನೀರಿನ ಮೇಲೆ ತೇಲಿಹೋಗುವುದನ್ನು ನಾನು ಮೊದಲ ಸಲ ನೋಡಿದ್ದು ಬಹ್ರೇನಿನಲ್ಲಿ, ಗುಫೂಲ್‌ನ ನಮ್ಮ ಬಾಡಿಗೆ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಪಕ್ಕದ ಫ್ಲ್ಯಾಟಿನ ನುರ್ಮಾ ಬಾಗಿಲು ತಟ್ಟದೆ ಒಳಗೆ ಬಂದವಳೇ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದಳು. ಕೆಂಪು ಕೆಸರಿನ ಹೊಳೆ, ಅದರ ತುಂಬ ಮರದ ದಿಮ್ಮಿಗಳು, ದಿಮ್ಮಿಗಳ ನಡುವೆ ಒಂದು ಮರದ ಮನೆ. ಮಾಡು, ಕಿಟಕಿ, ಮೆಟ್ಟಿಲು ಎಲ್ಲ ಇದ್ದ ಹಾಗೆಯೇ ಇದ್ದವು. ಯಾವ ಅವಸರವೂ ಇಲ್ಲದ ಹಾಗೆ ಅದು ತೆಂಗಿನ ಮರಗಳ ನಡುವೆ ಸಾಗಿತು. ಕಿಟಕಿಯಲ್ಲಿ ಹಳದಿ ಪರದೆ ಅಲ್ಲಾಡುತ್ತಿತ್ತು.

"ಯಾರ ಮನೆ ಇದು?" ಎಂದೆ.

"ನನ್ನದು, ಕಾಕ್," ಎಂದಳು.

ಕಾಕ್ ಎಂದರೆ ಅವರ ಕಡೆ ಅಕ್ಕ. ನುರ್ಮಾಳ ಊರು ಇಂಡೋನೇಷ್ಯಾದ ಪಶ್ಚಿಮದ ತುದಿ, 'ಆಚೆ' ಎಂಬ ಹೆಸರಿನ ಪ್ರಾಂತ್ಯದ ಒಂದು ಹಳ್ಳಿ. ಬೆಟ್ಟದ ಬುಡದಲ್ಲಿ ಹೊಳೆ, ಹೊಳೆಯ ಆಚೀಚೆ ಗದ್ದೆ. ಅವಳ ಗಂಡ ರಿದ್ವಾನ್ ಇಲ್ಲಿಯ ಹೋಟೆಲೊಂದರಲ್ಲಿ ಕೇಕು-ಬಿಸ್ಕತ್ತು ಮಾಡುವವನು. ಅವಳು ಹೆಂಗಸರ ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ನಾನು ಮೂಲ್ಕಿ ಕಡೆಯವಳು. ನನ್ನ ಗಂಡನ ಕಂಪನಿಯ ಕೆಲಸದಿಂದಾಗಿ ಇಲ್ಲಿಗೆ ಬಂದು ಬಿದ್ದವಳು. ಬಂದ ಹೊಸತರಲ್ಲಿ ಈ ಕಟ್ಟಡದಲ್ಲಿ ನನಗೆ ಮಾತಾಡಲು ಯಾರೂ ಇರಲಿಲ್ಲ. ಎ.ಸಿ.ಯ ಗುಂಯ್‌ಗುಟ್ಟುವ ಸದ್ದು ಬಿಟ್ಟರೆ ಮಧ್ಯಾಹ್ನಗಳಿಗೆ ಸದ್ದೇ ಇರಲಿಲ್ಲ. ಊರಲ್ಲಾದರೆ ಮೀನಿನವಳ ಕೂಗಾದರೂ ಕೇಳುತ್ತಿತ್ತು.

ನಮ್ಮಿಬ್ಬರ ಸ್ನೇಹ ಶುರುವಾದದ್ದು ಮೀನಿನ ಸಾರಿನ ವಾಸನೆಯಿಂದ. ಒಂದು ದಿನ ಅವಳ ಬಾಗಿಲಿನಿಂದ ನನಗೆ ಗುರುತಿರುವ ಹುಳಿ ವಾಸನೆ ಬಂತು. ನಾಚಿಕೆ ಬಿಟ್ಟು ಕೇಳಿದೆ. ಕಪ್ಪಗೆ ಒಣಗಿದ ಏನನ್ನೋ ತಂದು ನನ್ನ ಅಂಗೈಗೆ ಹಾಕಿದಳು. ಬಿಂಬುಳಿ! ನಮ್ಮ ಹಿತ್ತಿಲಲ್ಲಿ ಉದುರಿ ಕೊಳೆಯುವ ಹುಳಿ ಬಿಂಬುಳಿಕಾಯಿ. ಅವರು ಅದನ್ನು ಉಪ್ಪು ಹಾಕಿ ಒಣಗಿಸಿ ಮೀನಿಗೆ ಹಾಕುತ್ತಾರಂತೆ. ಅವತ್ತಿನಿಂದ ನಮ್ಮದು ಹಿಂದಿ, ಇಂಗ್ಲಿಷ್, ಅರಬಿ ಎಲ್ಲ ಕಲಸಿದ ಒಂದು ಭಾಷೆ. ಇಲ್ಲಿ ಅದನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ಅವಳಲ್ಲಿ ನನಗೆ ಅರ್ಥವಾಗದ ಒಂದು ಅಭ್ಯಾಸವಿತ್ತು. ಬಾಗಿಲ ಪಕ್ಕದಲ್ಲಿ ಸದಾ ಒಂದು ಬಟ್ಟೆಯ ಚೀಲ. ಒಳಗೆ ಎರಡು ಜೊತೆ ಬಟ್ಟೆ, ಪಾಸ್‌ಪೋರ್ಟು, ಒಂದು ಪೊಟ್ಟಣ ಖರ್ಜೂರ. ಚಪ್ಪಲಿಗಳ ಮೂತಿ ಹೊರಗಡೆಗೆ. ನಮ್ಮ ಕಟ್ಟಡದಲ್ಲಿ ಹಗಲು ಯಾರೂ ಚಿಲಕ ಕೂಡ ಹಾಕುವುದಿಲ್ಲ. ಜನ ಕಾರಿನ ಎಂಜಿನ್ ಚಾಲೂ ಇಟ್ಟು ಅಂಗಡಿಯೊಳಗೆ ಹೋಗಿ ಬರುತ್ತಾರೆ. ಇಂಥ ಕಡೆ ಯಾವುದಕ್ಕೆ ಹೆದರುತ್ತೀ ಎಂದು ನಕ್ಕಿದ್ದೆ.

ಅವಳು ನಗಲಿಲ್ಲ. ಅವಳು ಹುಡುಗಿಯಾಗಿದ್ದಾಗ ಅಲ್ಲಿ ಸೇನೆಗೂ ಬಂಡುಕೋರರಿಗೂ ಯುದ್ಧ ನಡೆಯುತ್ತಿತ್ತು. ಹಗಲು ಇವರು ಬಂದು ಕೇಳುವುದು, ಕತ್ತಲಾದರೆ ಅವರು ಬಂದು ಕೇಳುವುದು. ಯಾರಿಗೆ ಅನ್ನ ಹಾಕಿದರೂ ಇನ್ನೊಬ್ಬರಿಗೆ ಸಿಟ್ಟು. ಒಂದು ಸಂಜೆ ಅವಳ ಅಪ್ಪ ಮನೆಯ ಮೆಟ್ಟಿಲ ಮೇಲೆ ಕೂತು ಬಲೆ ಹೊಲಿಯುತ್ತಿದ್ದರು. ಬಂದೂಕು ಹಿಡಿದವರು ಬಂದು "ಸ್ವಲ್ಪ ಬನ್ನಿ, ದಾರಿ ತೋರಿಸಿ" ಎಂದರು. ಅಪ್ಪ ಎದ್ದು ಹೋದರು. ಮತ್ತೆ ಬರಲಿಲ್ಲ. ಯಾವ ಕಡೆಯವರು ಕರೆದದ್ದೆಂದು ಇವತ್ತಿಗೂ ಗೊತ್ತಿಲ್ಲ. ಆಮೇಲೆ ಊರಿನ ಎಷ್ಟೋ ಮನೆಗಳು ಸುಟ್ಟವು, ಊರಿಗೆ ಊರೇ ಗುಳೆ ಹೋಯಿತು. ಅವಳ ಅಮ್ಮ ಮಾತ್ರ ಮನೆ ಬಿಡಲಿಲ್ಲ. ಗಂಡ ತಿರುಗಿ ಬಂದರೆ ಬಾಗಿಲು ತೆಗೆಯುವವರು ಬೇಡವೇ ಎಂದು ಕೂತರಂತೆ.

ಇದನ್ನೆಲ್ಲ ಹೇಳಿ ಮುಗಿಸಿ ಅವಳು ಚಹಾದ ಲೋಟ ತೊಳೆಯಲು ಎದ್ದಳು.

ಆ ಮನೆಯೇ ಈಗ ಮೊಬೈಲಿನಲ್ಲಿ ತೇಲುತ್ತಿತ್ತು. ಅವರ ಕಡೆ ಕಂಬಗಳನ್ನು ನೆಲದಲ್ಲಿ ಹೂಳುವುದಿಲ್ಲ, ಕಲ್ಲಿನ ಮೇಲೆ ನಿಲ್ಲಿಸುತ್ತಾರೆ. ಮೊಳೆ ಹೊಡೆಯದೆ ಮರದ ಗೂಟಗಳಿಂದಲೇ ಜೋಡಿಸುತ್ತಾರೆ. ಹಾಗಾಗಿ ನೆರೆ ಬಂದಾಗ ಮನೆ ಒಡೆಯಲಿಲ್ಲ, ಹಾಗೆಯೇ ಎದ್ದು ಹೊರಟಿತು.

"ಅಮ್ಮ ಎಲ್ಲಿ?" ಎಂದೆ.

"ಗೊತ್ತಿಲ್ಲ. ಫೋನು ಹೋಗುತ್ತಿಲ್ಲ."

ಆ ವಾರ ಬಹ್ರೇನಿನಲ್ಲಿಯೂ ಮಳೆ ಬಂತು. ಒಂದು ತಾಸು ಸುರಿದಿರಬೇಕು, ಅಷ್ಟಕ್ಕೇ ರಸ್ತೆಗಳು ಕೆರೆಗಳಾದವು, ಶಾಲೆಗೆ ರಜೆ ಕೊಟ್ಟರು. ನೀರು ಹೀರಿಕೊಂಡು ಹೋಗಲು ಟ್ಯಾಂಕರುಗಳು ಬಂದು ಸಾಲಾಗಿ ನಿಂತವು. ಬೇರೆ ದಿನವಾಗಿದ್ದರೆ ನಾವು ಕರಾವಳಿಯವರು ಇದನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದೆವು. ನುರ್ಮಾ ಕಿಟಕಿಯ ಹತ್ತಿರ ನಿಂತು ಟ್ಯಾಂಕರಿನ ಪೈಪನ್ನೇ ನೋಡುತ್ತಿದ್ದಳು. "ಇಷ್ಟೇ ಇಷ್ಟು ನೀರಿಗೆ ಇಷ್ಟು ಜನ," ಎಂದಳು, ಅಷ್ಟೇ.

ಕಡೆಗೂ ಒಂದು ಬೆಳಿಗ್ಗೆ ಫೋನು ಬಂತು. ಅಮ್ಮ ಬದುಕಿದ್ದರು. ನೀರು ಏರುವಾಗ ಯಾರೋ ಅವರನ್ನು ಬೆನ್ನ ಮೇಲೆ ಹೊತ್ತು ಊರಿನ ಪ್ರಾರ್ಥನೆಯ ಚಾವಡಿಗೆ ಏರಿಸಿದ್ದರು. ನುರ್ಮಾ ನೆಲದ ಮೇಲೆ ಕೂತು ಅತ್ತಳು. ನಾನೂ ಅತ್ತೆ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ "ಜೀವ ಉಂಟಲ್ಲ ಮಾರಾಯ್ತಿ, ಇನ್ನೆಂತ ಬೇಕು!" ಎಂದರು. ನಾನೂ ಹಾಗೆಯೇ ಅಂದುಕೊಂಡೆ. ಆದರೆ ಮರುದಿನವೇ ಇನ್ನೊಂದು ಸುದ್ದಿ ಬಂತು. ಮನೆ ಸಿಕ್ಕಿತ್ತು.

ಹೊಳೆ ತಿರುಗುವಲ್ಲಿ, ಹಲೀಮಾ ಎಂಬ ವಿಧವೆಯ ಗದ್ದೆಯಲ್ಲಿ ಅದು ವಾಲಿಕೊಂಡು ನಿಂತಿತ್ತು. ಹಲೀಮಾಳ ಸ್ವಂತ ಮನೆಯ ಒಂದು ಹಲಗೆಯೂ ಉಳಿದಿರಲಿಲ್ಲ. ಅವಳು ಮಕ್ಕಳನ್ನೂ ಮುದಿ ಮಾವನನ್ನೂ ಕರೆದುಕೊಂಡು ಈ ಮನೆಯೊಳಗೆ ಸೇರಿದ್ದಳು.

ನುರ್ಮಾಳ ಮುಖ ಕೆಂಪಾಯಿತು. "ಯಾರನ್ನು ಕೇಳಿ ಒಳಗೆ ಹೋದಳು?"

ನಿಜ ಹೇಳುತ್ತೇನೆ, ನನಗೆ ಗಾಬರಿಯಾಯಿತು. ಅಷ್ಟು ಮೆದುವಾದ ಹೆಂಗಸು, ನೆರೆಯಲ್ಲಿ ಎಲ್ಲ ಕಳೆದುಕೊಂಡವಳ ಮೇಲೆ ಸಿಟ್ಟಾಗುವುದೇ? ಅವಳೇ ವಿವರಿಸಿದಳು. ಅವರಲ್ಲಿ ಮನೆ ಮಗಳಿಗೆ ಹೋಗುವುದು. ಮದುವೆಯಾದಾಗ ಅಪ್ಪ-ಅಮ್ಮ ಮಗಳಿಗೆ ಮನೆ ಕೊಡುತ್ತಾರೆ, ಗಂಡ ಅಲ್ಲಿಗೆ ಬರುತ್ತಾನೆ. ಹೆಂಡತಿ ಎನ್ನಲು ಅವರು ಬಳಸುವ ಮಾತೇ 'ಪೋ ರುಮೋ', ಮನೆಯ ಒಡತಿ. ನಮ್ಮ ಅಳಿಯಸಂತಾನ ಕಟ್ಟಿನಲ್ಲಿಯೂ ಕುಟುಂಬದ ಮನೆ ಹೆಣ್ಣಿನ ಕಡೆಗೇ ಅಲ್ಲವೇ ಎಂದು ನಾನು ಖುಷಿಯಿಂದ ಹೇಳಿದೆ. "ಹಾಗಾದರೆ ನಿಮ್ಮ ಮನೆಯಲ್ಲಿ ಈಗ ಯಾರಿದ್ದಾರೆ?" ಎಂದು ಕೇಳಿದಳು. ನಮ್ಮ ಕುಟುಂಬದ ಮನೆಗೆ ಬೀಗ ಬಿದ್ದು ಬಹಳ ಕಾಲವಾಯಿತು. ಎರಡು ಕವಲಿನವರು ಕೋರ್ಟಿಗೆ ಹೋಗಿದ್ದಾರೆ. ಒಬ್ಬರ ಬೀಗದ ಮೇಲೆ ಇನ್ನೊಬ್ಬರ ಬೀಗ. ನೆರೆ ಬಾರದೆ, ಬೆಂಕಿ ಬೀಳದೆ, ನಮ್ಮದು ಗೆದ್ದಲು ಹಿಡಿದು ಹೋಗುತ್ತಿದೆ.

ಊರಿನವರು ಸೇರಿ ಮಾತಾಡುವುದೆಂದು ತೀರ್ಮಾನವಾಯಿತು. ಚಾವಡಿಯಲ್ಲಿ ಜನ, ನಡುವೆ ಊರಿನ ಮುಖ್ಯಸ್ಥ. ಅವರನ್ನು ಕೆಚಿಕ್ ಎನ್ನುತ್ತಾರೆ. ಒಡತಿಯಿಲ್ಲದೆ ಮಾತು ಮುಂದುವರಿಯುವ ಹಾಗಿಲ್ಲವಂತೆ, ಅದಕ್ಕೇ ವಿಡಿಯೋ ಕಾಲ್. ರಿದ್ವಾನ್ ಕೆಲಸಕ್ಕೆ ಹೋಗಿದ್ದ. ಒಬ್ಬಳೇ ಕೂರಲು ಹೆದರಿಕೆ ಎಂದು ನುರ್ಮಾ ನಮ್ಮ ಅಡುಗೆಮನೆಗೆ ಬಂದು, ಸಕ್ಕರೆ ಡಬ್ಬಿಗೆ ಮೊಬೈಲು ಒರಗಿಸಿ ತಲೆವಸ್ತ್ರ ಸರಿಮಾಡಿಕೊಂಡಳು. ಅವರ ಭಾಷೆ ನನಗೆ ಬಾರದು. ನಡುನಡುವೆ ಅವಳು ತಿರುಗಿ ಹೇಳುತ್ತಿದ್ದಳು.

ಹಲೀಮಾ ಎದ್ದು ನಿಂತಳು. ಸಣ್ಣ ದೇಹ, ಕೈಯಲ್ಲಿ ಒಂದು ಕೂಸು. ಅವಳು ಏನೋ ಹೇಳಿದಳು. ನುರ್ಮಾ ಮರದಂತೆ ಕೂತುಬಿಟ್ಟಳು.

"ಏನಂತೆ?" ಎಂದು ನಾನು ಪಿಸುಗುಟ್ಟಿದೆ.

"ಮನೆಯೊಳಗೆ ಇನ್ನೂ ಒಲೆ ಹಚ್ಚಿಲ್ಲವಂತೆ. ಹೊರಗೆ ಕೆಸರಿನಲ್ಲಿ ಕಲ್ಲಿಟ್ಟು ಅನ್ನ ಮಾಡುತ್ತಿದ್ದಾಳೆ. ಒಡತಿ ಹೇಳದೆ ಒಲೆ ಹಚ್ಚಬಾರದಲ್ಲ. ಹಚ್ಚಲೇ ಎಂದು ಕೇಳುತ್ತಿದ್ದಾಳೆ."

ನೆರೆಯಲ್ಲಿ ಸರ್ವಸ್ವ ಹೋದವಳು, ಮಳೆಯಲ್ಲಿ ಒದ್ದೆ ಕಟ್ಟಿಗೆ ಊದುತ್ತಾ, ಸಮುದ್ರದಾಚೆ ಇರುವ ಒಬ್ಬಳ ಮಾತಿಗಾಗಿ ಕಾಯುತ್ತಿದ್ದಾಳೆ! ಅದಕ್ಕಿಂತ ಹೆಚ್ಚಿನ ಆಘಾತವೆಂದರೆ, ಆ ಒಬ್ಬಳು ಬಾಯಿ ಬಿಡುತ್ತಿಲ್ಲ. ಕೂಸು ಕೆಮ್ಮಿತು.

"ಹೂಂ ಅನ್ನು ನುರ್ಮಾ," ಎಂದೆ. ತಡೆಯಲಾಗಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. ಅಂಥ ಕಣ್ಣುಗಳನ್ನು ನಾನು ಅವಳಲ್ಲಿ ಎಂದೂ ನೋಡಿರಲಿಲ್ಲ. "ಅಪ್ಪ ಎದ್ದುಹೋದ ಮನೆ ಅದು, ಕಾಕ್. ಅವಳು ಒಲೆ ಹಚ್ಚಿದರೆ ಅದು ಅವಳ ಮನೆಯಾಗುತ್ತದೆ. ಆಮೇಲೆ ಅಪ್ಪ ಎಲ್ಲಿಗೆ ಬರಬೇಕು?"

ಇಷ್ಟು ವರ್ಷಗಳ ಮೇಲೂ ಅವಳು ಕಾಯುತ್ತಿದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ.

ಅವಳು ಮೊಬೈಲಿನತ್ತ ಬಗ್ಗಿ ಹಲೀಮಾಳನ್ನು ಏನೋ ಕೇಳಿದಳು. ಹಲೀಮಾ ಉತ್ತರಿಸಿದಳು. ಆಮೇಲೆ ನನಗೆ ಹೇಳಿದಳು: ಮೆಟ್ಟಿಲುಗಳು ಉಳಿದಿವೆಯೇ ಎಂದು ಇವಳು ಕೇಳಿದ್ದು. ಕೆಳಗಿನದೊಂದು ಮುರಿದಿದೆ, ಉಳಿದವು ಇವೆ, ಕೆಸರು ತೊಳೆದಿದ್ದೇನೆ ಎಂದು ಅವಳು ಹೇಳಿದ್ದು. ನುರ್ಮಾ ಕಣ್ಣು ಮುಚ್ಚಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಎರಡೇ ಮಾತು ಆಡಿದಳು. ಅದನ್ನು ಯಾರೂ ನನಗೆ ಅನುವಾದಿಸಬೇಕಾಗಲಿಲ್ಲ. ಹಲೀಮಾ ಕೂಸಿನ ತಲೆಯಲ್ಲಿ ಮುಖ ಹುದುಗಿಸಿದಳು.

ಕೆಚಿಕ್ ತೀರ್ಪು ಹೇಳಿದರು. ಮನೆ ನುರ್ಮಾಳದು, ನೆಲ ಹಲೀಮಾಳದು. ಹಲೀಮಾಗೆ ಸೂರಾಗುವ ತನಕ ಅಲ್ಲೇ ಇರಲಿ. ಆಮೇಲೆ ಊರವರೆಲ್ಲ ಸೇರಿ ಗೂಟ ಬಿಚ್ಚಿ, ಮನೆಯನ್ನು ಹೊತ್ತು ತಂದು ಹಳೆಯ ಜಾಗದಲ್ಲಿ ನಿಲ್ಲಿಸುವುದು.

"ಇದನ್ನೆಲ್ಲ ಬರೆಸಿಕೊಳ್ಳುದಿಲ್ವಾ?" ಎಂದು ನನ್ನ ಗಂಡ ಸಂಜೆ ಕೇಳಿದರು. "ನಮ್ಮಲ್ಲಾದರೆ ಇಷ್ಟೊತ್ತಿಗೆ ವಕೀಲರು ಬರ್ತಿದ್ರು."

ನಾನು ನುರ್ಮಾಳನ್ನು ಕೇಳಿದೆ. ಇಡೀ ಊರು ಕೇಳಿಸಿಕೊಂಡಿದೆಯಲ್ಲ ಎಂದಳು. ಅವಳ ಚಿಂತೆ ಬೇರೆಯೇ ಇತ್ತು. ಅವಳ ಅಮ್ಮ ಮಗಳ ಜೊತೆ ಮಾತು ಬಿಟ್ಟಿದ್ದರು. "ನಲ್ಲಿ ನೀರು ಬರುವ ಊರಿನಲ್ಲಿ ಕೂತು ನನ್ನ ಮನೆ ದಾನ ಮಾಡಿದೆ," ಎಂದಿದ್ದರಂತೆ. ಅಮ್ಮ ನೆಂಟರ ಜಗಲಿಯಲ್ಲಿ ಮಲಗುತ್ತಿದ್ದರು. ಇಲ್ಲಿ ನುರ್ಮಾ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಿದ್ದೆಗೆಟ್ಟಿದ್ದಳು. ಅವಳು ಮಾಡಿದ್ದು ಸರಿಯೇ ಎಂದು ನನ್ನನ್ನು ಎಷ್ಟೋ ಸಲ ಕೇಳಿದಳು. ಸರಿ ಎಂದು ನಾನು ಹೇಳಿದಾಗಲೆಲ್ಲ ನಂಬದವಳ ಹಾಗೆ ನೋಡುತ್ತಿದ್ದಳು.

ರಜೆ ಸಿಕ್ಕ ಕೂಡಲೇ ಅವಳು ಊರಿಗೆ ಹೋಗಿ ಬಂದಳು. ಬಂದ ಮರುದಿನ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದಳು. ಅಮ್ಮ ಮೊದಲ ದಿನ ಮುಖ ತಿರುಗಿಸಿದರು, ಎರಡನೆಯ ದಿನ ತಲೆಗೆ ಎಣ್ಣೆ ಹಚ್ಚಿದರು. ಆಮೇಲೆ ಇಬ್ಬರೂ ಕೂಡಿ ಹಲೀಮಾಳ ಗದ್ದೆಗೆ ಹೋದರು. ಹಳದಿ ಪರದೆ ಹೋಗಿತ್ತು, ಅಲ್ಲಿ ಮಕ್ಕಳ ಬಟ್ಟೆ ಒಣಗುತ್ತಿತ್ತು. ಅಪ್ಪ ಕೂರುತ್ತಿದ್ದ ಮೆಟ್ಟಿಲ ಮೇಲೆ ನುರ್ಮಾ ಕೂತಳು. ಒಳಗಿನಿಂದ ಹಲೀಮಾ ತಟ್ಟೆಯಲ್ಲಿ ಕಾಫಿ ತಂದಳು, ಅತಿಥಿಗೆ ತರುವ ಹಾಗೆ.

"ನನ್ನ ಮನೆಯ ಮೆಟ್ಟಿಲ ಮೇಲೆ ಕೂರಿಸಿ, ಪ್ರೀತಿಯಿಂದಲೇ ಕೇಳಿದಳು ಕಾಕ್, ನೀವು ವಾಪಸು ಹೋಗುವುದು ಯಾವಾಗ ಅಂತ. ಸಂಜೆ ಅಮ್ಮನೂ ಅದನ್ನೇ ಕೇಳಿದರು."

ಅವಳು ನಗಲು ನೋಡಿದಳು, ಆಗಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ನಾನು ಊರಿಗೆ ಹೋದೆ. ತಮ್ಮನ ಮನೆಯ ಮುಂದೆ ಕಾರಿನಿಂದ ಪೆಟ್ಟಿಗೆ ಇಳಿಸುವ ಮೊದಲೇ ಅವನ ಹೆಂಡತಿ ಅಂಗಳಕ್ಕೆ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. "ಬಂದದ್ದು ಒಳ್ಳೆದಾಯ್ತು ಅಕ್ಕ. ಇನ್ನು ಹೋಗುದು ಯಾವಾಗ?" ರಜೆ ಮುಗಿಸಿ ಗುಫೂಲ್‌ಗೆ ಮರಳಿದ ದಿನ ಹಾಲು ತರಲು ಕೆಳಗಿನ ಅಂಗಡಿಗೆ ಇಳಿದೆ. ಅಂಗಡಿಯ ಮಲಯಾಳಿ ಚಿಲ್ಲರೆ ಕೊಡುತ್ತಾ ನಕ್ಕ. "ಬಂದ್ರಾ ಚೇಚಿ? ಇನ್ನು ಊರಿಗೆ ಯಾವಾಗ?"

ಅಲ್ಲಿಯೂ ಇಲ್ಲಿಯೂ ನನ್ನ ಬಾಯಿಗೆ ಬಂದದ್ದು ಒಂದೇ ಮಾತು.

"ನೋಡ್ಬೇಕು."